ರಾಷ್ಟ್ರದ ಒಪ್ಪಂದ ಮತ್ತು ಶ್ರಾವಕನ ವ್ರತ

ಗುರುಸನ್ನಿಧಿಯಲ್ಲಿ ಕೈಮುಗಿದು ವ್ರತವನ್ನು ಸ್ವೀಕರಿಸುವುದು ಒಂದು ಕ್ಷಣದ ಕಾರ್ಯ. ಅದನ್ನು ಪಾಲಿಸುವುದು ದೀರ್ಘಕಾಲದ ಸಾಧನೆ. ಅಷ್ಟಮಿಯ ಪ್ರಾತಃಕಾಲದಲ್ಲಿ ಬಸದಿಗೆ ಹೋಗಿ ಉಪವಾಸದ ಸಂಕಲ್ಪ ಮಾಡಿದ ಶ್ರಾವಕನಿಗೆ ಆ ಸಂಕಲ್ಪದ ನಿಜವಾದ ಪರೀಕ್ಷೆ ಮಧ್ಯಾಹ್ನದ ಹಸಿವಿನ ವೇಳೆಯಲ್ಲಿ ಒದಗುತ್ತದೆ. ವ್ಯಕ್ತಿಯ ಜೀವನದಲ್ಲಿ ಸತ್ಯವಾದ ಈ ಮಾತು ರಾಷ್ಟ್ರದ ಜೀವನಕ್ಕೂ ಅನ್ವಯಿಸುತ್ತದೆಯೇ? ರಾಷ್ಟ್ರವೊಂದು ಲೋಕದ ಸಮಕ್ಷಮದಲ್ಲಿ ಪ್ರತಿಜ್ಞೆ ಮಾಡಿ, ಮೂಕಜೀವಿಗಳ ವಿಷಯದಲ್ಲಿ ತನ್ನ ಪ್ರಜೆಗಳ ನಡತೆಗೆ ಒಂದು ಮೇರೆಯನ್ನು ವಿಧಿಸಿದಾಗ, ಆ ಪ್ರತಿಜ್ಞೆಗೂ ಶ್ರಾವಕನ ಅಣುವ್ರತಕ್ಕೂ ಇರುವ ಸಂಬಂಧವೇನು? ಕಾಯಿದೆಯೇ ಪ್ರಾಣಿಗಳ ರಕ್ಷಣೆಗೆ ನಿಂತ ಮೇಲೆ ವ್ರತಕ್ಕೆ ಉಳಿಯುವ ಕಾರ್ಯ ಯಾವುದು? ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ವ್ಯಾಪಾರ ಹಾಗೂ ಸಾಕಣೆಯ ಕುರಿತು ಭಾರತದ ಸಂಸತ್ತು 2022ರಲ್ಲಿ ಕೈಗೊಂಡ ಕ್ರಮವು ಈ ಪ್ರಶ್ನೆಗಳನ್ನು ಶ್ರಾವಕರ ಮುಂದೆ ಇರಿಸಿದೆ.

ಮೊದಲು ಒಪ್ಪಂದದ ಸಂಗತಿ. 1973ರ ಮಾರ್ಚ್ 3ರಂದು ಅಮೆರಿಕದ ವಾಷಿಂಗ್ಟನ್ ನಗರದಲ್ಲಿ 80 ದೇಶಗಳ ಪ್ರತಿನಿಧಿಗಳು ಸೇರಿ, ಅಳಿವಿನ ಅಂಚಿನಲ್ಲಿರುವ ವನ್ಯಪ್ರಾಣಿ ಮತ್ತು ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಡಂಬಡಿಕೆಯೊಂದರ ಪಾಠವನ್ನು ಒಪ್ಪಿದರು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಅದು ಸೈಟಿಸ್ ಎಂದು ಲೋಕದಲ್ಲಿ ಪ್ರಸಿದ್ಧವಾಗಿದೆ. 1975ರ ಜುಲೈ 1ರಂದು ಅದು ಜಾರಿಗೆ ಬಂದಿತು. ಇಂದು 180ಕ್ಕೂ ಹೆಚ್ಚು ದೇಶಗಳು ಅದರ ಸದಸ್ಯರು. 40 ಸಾವಿರಕ್ಕೂ ಮಿಕ್ಕಿದ ಜೀವಪ್ರಭೇದಗಳು ಅದರ ಪಟ್ಟಿಗಳಲ್ಲಿವೆ. ಪಟ್ಟಿಗಳು ಮೂರು. ಸಂಪೂರ್ಣ ನಾಶದ ಭಯವಿರುವ ಜೀವಿಗಳು ಮೊದಲನೆಯದರಲ್ಲಿ ಸೇರಿವೆ; ವಾಣಿಜ್ಯಕ್ಕಾಗಿ ಅವುಗಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಸಾಗಿಸುವುದು ಸಾಮಾನ್ಯವಾಗಿ ನಿಷಿದ್ಧ. ವ್ಯಾಪಾರಕ್ಕೆ ಕಡಿವಾಣವಿಲ್ಲದಿದ್ದರೆ ಅದೇ ಗತಿಗೆ ಇಳಿಯಬಹುದಾದ ಜೀವಿಗಳು ಎರಡನೆಯದರಲ್ಲಿವೆ. ಯಾವುದಾದರೊಂದು ದೇಶವು ತನ್ನಲ್ಲಿನ ಜೀವಿಯ ರಕ್ಷಣೆಗೆ ಇತರರ ನೆರವನ್ನು ಬೇಡಿದಾಗ ಅದು ಮೂರನೆಯ ಪಟ್ಟಿಗೆ ಸೇರುತ್ತದೆ.

ಭಾರತವು ಈ ಒಪ್ಪಂದವನ್ನು 1976ರ ಜುಲೈ 20ರಂದು ದೃಢೀಕರಿಸಿತು. ಅದೇ ವರ್ಷ ಅಕ್ಟೋಬರ್ 18ರಿಂದ ಅದು ಭಾರತವನ್ನು ಬಂಧಿಸಿತು. ಸಂವಿಧಾನದ 42ನೆಯ ತಿದ್ದುಪಡಿಯೂ 1976ರದ್ದೇ. ಜೀವಿಗಳ ಬಗೆಗೆ ಕರುಣೆ ತೋರುವುದು ಪ್ರತಿಯೊಬ್ಬ ಪೌರನ ಮೂಲಭೂತ ಕರ್ತವ್ಯವೆಂದು ಆ ತಿದ್ದುಪಡಿಯಿಂದಲೇ ಸಂವಿಧಾನದಲ್ಲಿ ಸೇರಿತು. ಹೊರಗಿನ ಲೋಕಕ್ಕೆ ಕೊಟ್ಟ ವಚನ ಒಂದು, ಒಳಗಿನ ಪ್ರಜೆಗೆ ವಿಧಿಸಿದ ಕರ್ತವ್ಯ ಇನ್ನೊಂದು. ಎರಡೂ ಒಂದೇ ವರ್ಷದಲ್ಲಿ ಹುಟ್ಟಿದವು.

ಅಂತರರಾಷ್ಟ್ರೀಯ ಒಪ್ಪಂದಗಳನ್ನು ಅಂಗೀಕರಿಸುವ ಕ್ರಮವು ಎಲ್ಲ ದೇಶಗಳಲ್ಲಿ ಒಂದೇ ಬಗೆಯದಲ್ಲ. ಅಮೆರಿಕದಲ್ಲಿ ಅಧ್ಯಕ್ಷರು ಮಾಡಿಕೊಂಡ ಒಪ್ಪಂದಕ್ಕೆ ಸೆನೆಟ್ ಸಭೆಯಲ್ಲಿ ಹಾಜರಿರುವ ಸದಸ್ಯರ ಮೂರನೆಯ ಎರಡು ಭಾಗದಷ್ಟು ಸಮ್ಮತಿ ಬೇಕು. ಭಾರತದಲ್ಲಿ ಒಪ್ಪಂದಕ್ಕೆ ಕೈಹಾಕುವವರು ಕಾರ್ಯಾಂಗದವರು. ಆದರೆ ಆ ಒಪ್ಪಂದವು ಪ್ರಜೆಯ ಮನೆಯ ಬಾಗಿಲನ್ನು ಮುಟ್ಟಿ ಅವನನ್ನು ಬಂಧಿಸಬೇಕಾದರೆ ಶಾಸನ ಬೇಕು. ಅಂಥ ಶಾಸನವನ್ನು ರಚಿಸುವ ಅಧಿಕಾರವನ್ನು ಸಂವಿಧಾನದ 253ನೆಯ ಅನುಚ್ಛೇದವು ಸಂಸತ್ತಿಗೆ ನೀಡಿದೆ. ಸರ್ಕಾರವು ವಚನ ಕೊಡುತ್ತದೆ. ಶಾಸನಸಭೆಯು ಅದನ್ನು ಆಚರಣೆಯ ನಿಯಮವನ್ನಾಗಿಸುತ್ತದೆ. ಈ ಎರಡರ ನಡುವೆ ಎಷ್ಟು ಕಾಲ ಸರಿಯಿತೆಂಬುದು ವಿಚಾರಾರ್ಹ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಭಾರತದ ಕಾಡುಗಳಲ್ಲಿನ ಪ್ರಾಣಿಪಕ್ಷಿಗಳಿಗೆ ರಕ್ಷಣೆ ನೀಡಿತ್ತು. ಆದರೆ ಪರದೇಶದ ಅಪೂರ್ವ ಜೀವಿಯೊಂದು ಹೇಗೋ ಗಡಿಯನ್ನು ದಾಟಿ ಒಳಗೆ ಬಂದ ಮೇಲೆ, ಅದನ್ನು ಮನೆಯಲ್ಲಿಟ್ಟುಕೊಂಡವನನ್ನು ಕೇಳುವ ಸಮರ್ಪಕ ವಿಧಿಯು ಆ ಕಾಯಿದೆಯಲ್ಲಿರಲಿಲ್ಲ. ಸುಂಕದ ಕಾಯಿದೆ ಮತ್ತು ವಿದೇಶಿ ವ್ಯಾಪಾರದ ನಿಯಮಗಳ ಮೂಲಕವೇ ಒಪ್ಪಂದದ ಪಾಲನೆ ನಡೆಯುತ್ತಿತ್ತು. ಅವುಗಳ ದೃಷ್ಟಿಯೆಲ್ಲ ಬಂದರು ಮತ್ತು ವಿಮಾನ ನಿಲ್ದಾಣಗಳ ಮೇಲೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರವು, ಇಂಥ ಜೀವಿಗಳನ್ನು ಇಟ್ಟುಕೊಂಡವರು ಸ್ವಇಚ್ಛೆಯಿಂದ ಘೋಷಿಸಿಕೊಳ್ಳಬೇಕೆಂದು ಸೂಚಿಸಿದಾಗ ಸಾವಿರಾರು ಜನ ಮುಂದೆ ಬಂದರು. ಮನೆಯ ಒಳಕೋಣೆಗಳಲ್ಲಿ ಎಷ್ಟು ಜೀವಗಳು ಸೆರೆಯಲ್ಲಿದ್ದವೆಂಬುದರ ಸುಳಿವು ಅಂದು ದೊರೆಯಿತು.

ಕೊನೆಗೆ ತಿದ್ದುಪಡಿ ಮಸೂದೆಯು 2021ರ ಡಿಸೆಂಬರಿನಲ್ಲಿ ಲೋಕಸಭೆಯ ಮುಂದೆ ಬಂದಿತು. ಸಂಸದೀಯ ಸ್ಥಾಯಿ ಸಮಿತಿಯು ಅದನ್ನು ಪರಿಶೀಲಿಸಿತು. 2022ರ ಆಗಸ್ಟಿನಲ್ಲಿ ಲೋಕಸಭೆಯೂ ಡಿಸೆಂಬರ್ 8ರಂದು ರಾಜ್ಯಸಭೆಯೂ ಒಪ್ಪಿದವು. ಡಿಸೆಂಬರ್ 19ರಂದು ರಾಷ್ಟ್ರಪತಿಗಳ ಅಂಕಿತ ದೊರೆತು, 2023ರ ಏಪ್ರಿಲ್ 1ರಿಂದ ಕಾಯಿದೆ ಜಾರಿಗೆ ಬಂದಿತು. ಒಪ್ಪಂದದ ಪಟ್ಟಿಗಳಲ್ಲಿರುವ ಜೀವಿಗಳಿಗಾಗಿ ಅದರಲ್ಲಿ ಪ್ರತ್ಯೇಕ ಅನುಸೂಚಿಯೂ ಪ್ರತ್ಯೇಕ ಅಧ್ಯಾಯವೂ ಸೇರಿವೆ. ಅಂಥ ಜೀವಂತ ಪ್ರಾಣಿಯನ್ನು ಇಟ್ಟುಕೊಂಡಿರುವವನು ಅದನ್ನು ನೋಂದಾಯಿಸಬೇಕು. ಅದರ ಜನನ, ಮರಣ ಮತ್ತು ಹಸ್ತಾಂತರಗಳನ್ನು ತಿಳಿಸಬೇಕು. ನೋಂದಣಿಯ ವಿವರವಾದ ನಿಯಮಗಳು 2024ರ ಫೆಬ್ರವರಿಯಲ್ಲಿ ಪ್ರಕಟವಾದವು.

1976ರಿಂದ 2022ರವರೆಗೆ 46 ವರ್ಷಗಳು. ವಚನಕ್ಕೂ ವಿಧಿಗೂ ನಡುವೆ ಒಂದು ತಲೆಮಾರಿಗಿಂತ ಹೆಚ್ಚಿನ ಕಾಲ ಕಳೆಯಿತು. ಇದನ್ನು ಕಂಡು ಸರ್ಕಾರಗಳನ್ನು ದೂಷಿಸುವುದು ಸುಲಭ. ಆದರೆ ಶ್ರಾವಕನು ಇಲ್ಲಿ ತನ್ನ ಪ್ರತಿಬಿಂಬವನ್ನೂ ಕಾಣಬಹುದು. ದಶಲಕ್ಷಣ ಪರ್ವದ ಉತ್ಸಾಹದಲ್ಲಿ ತ್ಯಾಗದ ಮಾತನ್ನಾಡಿ, ಅದಕ್ಕೆ ಕಾಲದ ಮಿತಿಯನ್ನಾಗಲಿ ವಸ್ತುವಿನ ಮಿತಿಯನ್ನಾಗಲಿ ಹಾಕಿಕೊಳ್ಳದೆ, ವರ್ಷಗಳನ್ನು ಕಳೆದ ಮನೆಗಳು ಇಲ್ಲದಿಲ್ಲ. ಜೈನಾಚಾರ್ಯರು ಯಮವನ್ನೂ ನಿಯಮವನ್ನೂ ಬೇರ್ಪಡಿಸಿ ಹೇಳಿದ್ದು ಇದಕ್ಕಾಗಿಯೇ. ಯಾವಜ್ಜೀವ ತ್ಯಾಗವು ಯಮ, ಕಾಲಮಿತಿಯುಳ್ಳ ತ್ಯಾಗವು ನಿಯಮ. ಎರಡರಲ್ಲಿ ಯಾವುದೂ ಅಲ್ಲದ ಸದಾಶಯವು ವ್ರತವೆನಿಸುವುದಿಲ್ಲ. ಎಷ್ಟು, ಯಾವುದು, ಎಲ್ಲಿಯವರೆಗೆ ಎಂಬುದು ನಿಶ್ಚಯವಾದಾಗಲೇ ವ್ರತವು ಆಚರಣೆಗೆ ಬರುತ್ತದೆ. ಸಂಸತ್ತು 2022ರಲ್ಲಿ ಮಾಡಿದ್ದು ಅದನ್ನೇ. ಹಳೆಯ ವಚನಕ್ಕೆ ಮೇರೆಯನ್ನು ಹಾಕಿ, ಎಣಿಕೆಗೆ ವ್ಯವಸ್ಥೆ ಮಾಡಿತು.

ಇಲ್ಲಿ ಒಂದು ತಾತ್ತ್ವಿಕ ಪ್ರಶ್ನೆ ಉದ್ಭವಿಸುತ್ತದೆ. ಒಪ್ಪಂದವು ರಕ್ಷಿಸಲು ಹೊರಟಿರುವುದು ಪ್ರಭೇದವನ್ನು. ಜೈನಧರ್ಮವು ರಕ್ಷಿಸಬೇಕೆನ್ನುವುದು ಜೀವವನ್ನು. ಪ್ರಭೇದಕ್ಕೆ ನೋವಿಲ್ಲ, ಹಸಿವಿಲ್ಲ, ಮರಣಭಯವಿಲ್ಲ; ಇವೆಲ್ಲವೂ ಇರುವುದು ಒಂದೊಂದು ಜೀವಕ್ಕೆ. ಜೈನಾಗಮಗಳು ಇಂದ್ರಿಯಗಳ ಸಂಖ್ಯೆಯನ್ನು ಅನುಸರಿಸಿ ಜೀವಿಗಳನ್ನು ವಿಂಗಡಿಸುತ್ತವೆಯೇ ಹೊರತು ಅವು ಅಪರೂಪವೋ ಹೇರಳವೋ ಎಂಬುದನ್ನು ಅನುಸರಿಸಿ ಅಲ್ಲ. ಬೀದಿಯ ನಾಯಿಯೂ ಪಂಚೇಂದ್ರಿಯ ಜೀವಿ, ಕಾಜಿರಂಗದ ಖಡ್ಗಮೃಗವೂ ಪಂಚೇಂದ್ರಿಯ ಜೀವಿ. ಹೀಗಿರುವಲ್ಲಿ, ಲೋಕದಲ್ಲಿ ಕೆಲವೇ ಸಾವಿರ ಉಳಿದಿವೆಯೆಂಬ ಕಾರಣದಿಂದ ಖಡ್ಗಮೃಗಕ್ಕೆ ಹೆಚ್ಚಿನ ರಕ್ಷಣೆಯನ್ನು ನೀಡುವುದು ಯಾವ ನ್ಯಾಯ? ವಿರಳತೆಯು ಜೀವದ ಬೆಲೆಯನ್ನು ಹೆಚ್ಚಿಸುತ್ತದೆಯೇ?

ಇಲ್ಲ ಎಂಬುದೇ ಜೈನದೃಷ್ಟಿಯ ಉತ್ತರವಾಗಬೇಕು. ವಿರಳತೆಯಿಂದ ಜೀವದ ಬೆಲೆ ಹೆಚ್ಚುವುದಿಲ್ಲ. ಮನುಷ್ಯನ ಲೋಭ ಹೆಚ್ಚುತ್ತದೆ. ಗುಬ್ಬಚ್ಚಿಯನ್ನು ಕೊಳ್ಳಲು ಯಾರೂ ಲಕ್ಷ ರೂಪಾಯಿಗಳನ್ನು ತೆರುವುದಿಲ್ಲ. ಅಮೆಜಾನಿನ ಅಪೂರ್ವ ಗಿಳಿಯೊಂದನ್ನು ಪಂಜರದಲ್ಲಿಟ್ಟು ಅತಿಥಿಗಳಿಗೆ ತೋರಿಸಬೇಕೆನ್ನುವವನು ಎಷ್ಟಾದರೂ ತೆರಬಲ್ಲನು. ಪ್ರಾಣಿ ಕಡಿಮೆಯಾದಂತೆ ಬೆಲೆ ಏರುತ್ತದೆ. ಬೆಲೆ ಏರಿದಂತೆ ಬೇಟೆಗಾರರು ಹೆಚ್ಚುತ್ತಾರೆ. ಬೇಟೆಗಾರರು ಹೆಚ್ಚಿದಂತೆ ಪ್ರಾಣಿ ಮತ್ತಷ್ಟು ಕಡಿಮೆಯಾಗುತ್ತದೆ. ಈ ಚಕ್ರದ ಅಚ್ಚು ಪ್ರಾಣಿಯಲ್ಲಿಲ್ಲ, ಕೊಳ್ಳುವವನ ಮನಸ್ಸಿನಲ್ಲಿದೆ. ಆದುದರಿಂದ ಒಪ್ಪಂದದ ಪಟ್ಟಿಗಳನ್ನು ಶ್ರೇಷ್ಠ ಜೀವಿಗಳ ಪಟ್ಟಿಯೆಂದು ತಿಳಿಯಬೇಕಾಗಿಲ್ಲ. ಮನುಷ್ಯನ ಆಸೆಯು ಎಲ್ಲೆಲ್ಲಿ ಅತಿ ಪ್ರಬಲವಾಗಿದೆಯೆಂಬುದನ್ನು ತೋರಿಸುವ ಪಟ್ಟಿಯೆಂದು ಅದನ್ನು ಓದಬಹುದು. ಹಾಗೆ ಓದಿದಾಗ ಜೀವದೃಷ್ಟಿಗೂ ಪ್ರಭೇದದೃಷ್ಟಿಗೂ ವಿರೋಧ ಉಳಿಯುವುದಿಲ್ಲ.

ಪ್ರಾಚೀನರು ಈ ಸಂಗತಿಯನ್ನು ಅರಿಯದವರಲ್ಲ. ಹತ್ತು ಬಗೆಯ ಬಾಹ್ಯ ಪರಿಗ್ರಹಗಳನ್ನು ಎಣಿಸುವಾಗ ಹೊಲ, ಮನೆ, ಧನ, ಧಾನ್ಯಗಳೊಡನೆ ದ್ವಿಪದ, ಚತುಷ್ಪದಗಳನ್ನೂ ಸೇರಿಸಿದ್ದಾರೆ. ನಾಲ್ಕು ಕಾಲಿನ ಜೀವಿಯೂ ಒಡೆತನದ ವಸ್ತುವಾಗಬಲ್ಲದು, ಆದುದರಿಂದ ಅದಕ್ಕೂ ಪರಿಮಾಣವನ್ನು ಹಾಕಿಕೊಳ್ಳಬೇಕು ಎಂಬುದು ಇದರ ಅಭಿಪ್ರಾಯ. ಉಳುಮೆಗೆ ಎತ್ತು, ಹಾಲಿಗೆ ಹಸು ಎಂಬ ಸಂಸಾರದ ಅವಶ್ಯಕತೆಗಾದರೂ ಶ್ರಾವಕನು ಮೇರೆಯನ್ನು ವಿಧಿಸಿಕೊಳ್ಳಬೇಕಾಗಿದ್ದರೆ, ಅವಶ್ಯಕತೆಯೇ ಇಲ್ಲದೆ ಕೇವಲ ಕಣ್ಣಿನ ಸಂತೋಷಕ್ಕಾಗಿ, ಅಂತಸ್ತಿನ ಪ್ರದರ್ಶನಕ್ಕಾಗಿ ತರುವ ಕಾಡುಪ್ರಾಣಿಯ ವಿಷಯದಲ್ಲಿ ಹೇಳುವುದೇನು? ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳಿಗೆ ಗೃಹಸ್ಥನ ಬದುಕಿನಲ್ಲಿ ಅನಿವಾರ್ಯತೆಯ ನೆಪವಾದರೂ ಉಂಟು. ವಿನೋದಕ್ಕಾಗಿ ಜೀವಿಯೊಂದನ್ನು ಅದರ ನೆಲೆಯಿಂದ ಕಿತ್ತು ತರಿಸುವುದಕ್ಕೆ ಅಂಥ ಯಾವ ನೆಪವೂ ಇಲ್ಲ. ಅದು ಸಂಕಲ್ಪೀ ಹಿಂಸೆಯ ಹತ್ತಿರಕ್ಕೇ ಬರುತ್ತದೆ.

ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರದಲ್ಲಿ ಐದು ಅತಿಚಾರಗಳು ನಿರೂಪಿತವಾಗಿವೆ. ಅವುಗಳಲ್ಲಿ ಮೊದಲನೆಯದು ಬಂಧ, ಎಂದರೆ ಸ್ವೇಚ್ಛೆಯಾಗಿ ಚಲಿಸಬೇಕಾದ ಜೀವಿಯನ್ನು ಕಟ್ಟಿಹಾಕುವುದು. ಕೋಲು, ಚಾವಟಿಗಳಿಂದ ಹೊಡೆಯುವುದು ವಧ. ಅವಯವಗಳನ್ನು ಕತ್ತರಿಸುವುದು ಛೇದ. ಶಕ್ತಿಮೀರಿ ಹೊರೆ ಹೇರುವುದು ನಾಲ್ಕನೆಯದಾದ ಅತಿಭಾರಾರೋಪಣ. ಹೊತ್ತಿಗೆ ಸರಿಯಾಗಿ ಆಹಾರ, ನೀರು ಕೊಡದಿರುವುದು ಐದನೆಯದಾದ ಅನ್ನಪಾನನಿರೋಧ. ಈ ಐದೂ ಪ್ರಾಣಿಯನ್ನು ಕೊಲ್ಲದವನಿಂದಲೇ ಆಗುವ ದೋಷಗಳೆಂಬುದನ್ನು ಗಮನಿಸಬೇಕು. ಕೊಂದವನ ವ್ರತವು ಭಂಗವಾಗುತ್ತದೆ. ಸಾಕುವವನ ವ್ರತಕ್ಕೆ ಕಲೆ ಹತ್ತುತ್ತದೆ. ಆದುದರಿಂದ ಈ ಐದೂ ಮುಖ್ಯವಾಗಿ ಸಾಕುವವನಿಗೆ ನೀಡಿದ ಎಚ್ಚರಿಕೆಗಳು. ತಾನು ಪ್ರೀತಿಯಿಂದ ಸಾಕಿದ್ದೇನೆ ಎಂದು ಹೇಳುವವನೂ ಈ ಐದನ್ನು ಮುಂದಿಟ್ಟುಕೊಂಡು ತನ್ನನ್ನು ಪರೀಕ್ಷಿಸಿಕೊಳ್ಳಬೇಕಾಗುತ್ತದೆ.

ಈ ಅತಿಚಾರಗಳೆಲ್ಲ ಒಂದೇ ಪೆಟ್ಟಿಗೆಯಲ್ಲಿ ಸೇರಿಬಂದ ನಿದರ್ಶನವೊಂದು ಕರ್ನಾಟಕದಲ್ಲಿಯೇ ಇದೆ. 2023ರ ಆಗಸ್ಟಿನಲ್ಲಿ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನೊಬ್ಬನ ಸಾಮಾನಿನಲ್ಲಿ ಸುಂಕದ ಅಧಿಕಾರಿಗಳು 234 ವನ್ಯಜೀವಿಗಳನ್ನು ಪತ್ತೆಹಚ್ಚಿದರು. ಹೆಬ್ಬಾವುಗಳು, ಗೋಸುಂಬೆಗಳು, ಆಮೆಗಳು, ಮೊಸಳೆಯ ಜಾತಿಯ ಮರಿಗಳು ಅವುಗಳಲ್ಲಿದ್ದವು. ಒಂದು ಕಾಂಗರೂ ಮರಿಯು ಉಸಿರುಗಟ್ಟಿ ಸತ್ತಿತ್ತು. ಇವುಗಳನ್ನು ತಂದವನು ಕೊಲ್ಲಲೆಂದು ತಂದಿರಲಿಲ್ಲ. ಯಾರದೋ ಮನೆಯಲ್ಲಿ ಮುದ್ದಿನಿಂದ ಸಾಕಲ್ಪಡಲಿ ಎಂದೇ ತಂದಿದ್ದನು. ಮುದ್ದಿನ ಹೆಸರಿನಲ್ಲಿ ನಡೆಯುವ ವ್ಯಾಪಾರದ ಒಳಗಣ್ಣಿಗೆ ಕಾಣಬೇಕಾದದ್ದು ಆ ಮರಿಯ ಕೊನೆಯ ಗಳಿಗೆ.

ಹಾಗಾದರೆ ಪ್ರಾಣಿಯನ್ನು ಇರಿಸಿಕೊಳ್ಳುವುದೆಲ್ಲವೂ ದೋಷವೇ? ಈ ಆಕ್ಷೇಪಕ್ಕೆ ಅನೇಕಾಂತದ ದೃಷ್ಟಿಯಿಂದ ಉತ್ತರ ಹೇಳಬೇಕು. ದೆಹಲಿಯ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಪಕ್ಷಿಗಳ ಧರ್ಮಾಸ್ಪತ್ರೆಯಿದೆ. ಗಾಯಗೊಂಡ ಹಕ್ಕಿಗಳನ್ನು ಅಲ್ಲಿ ಪಂಜರಗಳಲ್ಲಿರಿಸಿ ಚಿಕಿತ್ಸೆ ನೀಡುತ್ತಾರೆ. ಗುಣವಾದ ಹಕ್ಕಿಯನ್ನು ಆಕಾಶಕ್ಕೆ ಹಾರಿಬಿಡುವುದು ಅಲ್ಲಿಯ ಪದ್ಧತಿ. ಅಲ್ಲಿಯೂ ಪಂಜರವಿದೆ, ಆದರೆ ಅದರ ಬಾಗಿಲು ತೆರೆಯುವ ದಿನವನ್ನು ನಿರೀಕ್ಷಿಸುತ್ತಲೇ ಅದನ್ನು ಮುಚ್ಚಿರುತ್ತಾರೆ. ಅಸ್ಸಾಮಿನಲ್ಲಿ ಕುಬ್ಜ ಕಾಡುಹಂದಿಯೆಂಬ ಅತಿ ಚಿಕ್ಕ ಜೀವಿಯಿದೆ. ಅದು ನಿರ್ನಾಮವಾಗುವ ಭಯವಿದ್ದಾಗ, 1996ರಲ್ಲಿ ಮಾನಸ್ ಅರಣ್ಯದಿಂದ ಆರು ಹಂದಿಗಳನ್ನು ಹಿಡಿದು ಗುವಾಹಟಿಯ ಬಳಿಯ ಕೇಂದ್ರದಲ್ಲಿರಿಸಿ ಸಂತತಿಯನ್ನು ಬೆಳೆಸಿದರು. 2008ರಿಂದ ಆ ಸಂತತಿಯನ್ನು ಮರಳಿ ಹುಲ್ಲುಗಾವಲುಗಳಿಗೆ ಬಿಡಲಾಗುತ್ತಿದೆ. ಹಿಡಿಯಲ್ಪಟ್ಟ ಆ ಆರು ಜೀವಗಳು ಬಂಧನದ ಕಷ್ಟವನ್ನು ಅನುಭವಿಸಲಿಲ್ಲವೆಂದು ಹೇಳಲಾಗದು. ಸೆರೆ ಸೆರೆಯೇ. ಆದರೆ ಹಿಂಸೆಯ ನಿರ್ಣಯದಲ್ಲಿ ಪ್ರಮತ್ತಯೋಗಕ್ಕೆ, ಎಂದರೆ ಕಷಾಯದಿಂದ ಕೂಡಿದ ಪ್ರವೃತ್ತಿಗೆ, ಪ್ರಧಾನ ಸ್ಥಾನವಿದೆ. ವೈದ್ಯನ ಕತ್ತಿಗೂ ಕಟುಕನ ಕತ್ತಿಗೂ ಇರುವ ಭೇದವನ್ನು ಬಲ್ಲವರಿಗೆ ಈ ಭೇದವೂ ತಿಳಿಯುತ್ತದೆ.

ಇದರಿಂದ ಒಂದು ಒರೆಗಲ್ಲು ದೊರೆಯುತ್ತದೆ. ಪ್ರಾಣಿಯನ್ನು ಇರಿಸಿಕೊಂಡಿರುವುದು ಯಾರ ಹಿತಕ್ಕಾಗಿ? ಅದರ ಹಿತಕ್ಕಾಗಿಯಾದರೆ, ಹಿತವು ಸಾಧಿಸಿದೊಡನೆ ಬಿಡಲು ಇರಿಸಿಕೊಂಡವನು ಸಿದ್ಧನಾಗಿರಬೇಕು. ಬಿಡಲಾಗದ ಸ್ಥಿತಿಯಲ್ಲಿ ಅದಿದ್ದರೆ, ತನಗಿಂತ ಉತ್ತಮವಾಗಿ ನೋಡಿಕೊಳ್ಳಬಲ್ಲವರಿಗೆ ಒಪ್ಪಿಸಲು ಸಿದ್ಧನಾಗಿರಬೇಕು. ಬಿಡುವ ಮಾತು ಬಂದಾಗ ಮನಸ್ಸಿನಲ್ಲಿ ನೋವಾಗುವುದು ಸಹಜ. ಆ ನೋವು ಪ್ರಾಣಿಗಾಗಿಯೋ, ತನ್ನದೆಂಬ ಭಾವಕ್ಕಾದ ಪೆಟ್ಟಿಗಾಗಿಯೋ ಎಂಬುದನ್ನು ಏಕಾಂತದಲ್ಲಿ ಪರೀಕ್ಷಿಸಿಕೊಳ್ಳುವುದು ಶ್ರಾವಕನ ಕರ್ತವ್ಯ. ಮಮಕಾರವು ಕರುಣೆಯ ವೇಷವನ್ನು ತೊಡುವುದು ಅಪೂರ್ವವೇನಲ್ಲ.

ಈ ಪರೀಕ್ಷೆ ದಿಗಂಬರ ಸಮಾಜಕ್ಕೆ ಇತ್ತೀಚೆಗೆ ನೇರವಾಗಿಯೇ ಒದಗಿತು. ಕೊಲ್ಹಾಪುರ ಜಿಲ್ಲೆಯ ನಾಂದಣಿ ಮಠದಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲವಿದ್ದ ಮಹಾದೇವಿ ಎಂಬ ಹೆಣ್ಣಾನೆಯನ್ನು, 2025ರ ಜುಲೈನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಆದೇಶದಂತೆ ಗುಜರಾತಿನ ಜಾಮನಗರದ ಆನೆಗಳ ಕೇಂದ್ರಕ್ಕೆ ಸಾಗಿಸಲಾಯಿತು. ಸರ್ವೋಚ್ಚ ನ್ಯಾಯಾಲಯವೂ ಆ ಆದೇಶವನ್ನು ಎತ್ತಿಹಿಡಿಯಿತು. ಧಾರ್ಮಿಕ ಕಾರ್ಯಗಳಿಗೆ ಆನೆಯನ್ನು ಬಳಸುವ ಮನುಷ್ಯನ ಹಕ್ಕಿಗಿಂತ ಆನೆಯ ಆರೋಗ್ಯಕರ ಜೀವನವು ಹೆಚ್ಚಿನದೆಂಬುದು ಉಚ್ಚ ನ್ಯಾಯಾಲಯದ ನಿಲುವಾಗಿತ್ತು. ಆನೆಯನ್ನು ಮನೆಮಗಳಂತೆ ಕಂಡಿದ್ದ ಸಹಸ್ರಾರು ಶ್ರಾವಕ ಶ್ರಾವಿಕೆಯರು ಕಣ್ಣೀರಿಟ್ಟರು, ಮೌನ ಮೆರವಣಿಗೆಯಲ್ಲಿ ನಡೆದರು. ಆ ಕಣ್ಣೀರು ಸುಳ್ಳಲ್ಲ. ಅಂತೆಯೇ ಆನೆಯ ಕಾಲು, ಅದರ ನೆಲ, ಅದರ ಒಂಟಿತನಗಳ ಕುರಿತು ಎತ್ತಲಾದ ಪ್ರಶ್ನೆಗಳೂ ಉಪೇಕ್ಷಣೀಯವಲ್ಲ. ಸ್ವಭಾವತಃ ಹಿಂಡಿನಲ್ಲಿ ಬಾಳುವ, ದಿನಕ್ಕೆ ಬಹುದೂರ ನಡೆಯುವ ಜೀವಿಗೆ ಒಂದೇ ಅಂಗಳವು ಏನಾಗಿರಬಹುದೆಂಬುದನ್ನು ಭಕ್ತಿಯು ಮರೆಯಬಾರದು. ಯಾರು ಗೆದ್ದರು, ಯಾರು ಸೋತರು ಎಂಬ ವಿವಾದವು ಇಲ್ಲಿ ಪ್ರಕೃತವಲ್ಲ. ಐದು ಅತಿಚಾರಗಳ ಅಳತೆಗೋಲು ಎಲ್ಲರಿಗೂ ಒಂದೇ. ಮಠಕ್ಕೆ ಹಿಡಿದ ಅದೇ ಕೋಲನ್ನು ಸರ್ಕಾರದ ಮೃಗಾಲಯಕ್ಕೂ, ಧನಿಕರು ನಡೆಸುವ ಪ್ರಾಣಿಧಾಮಕ್ಕೂ ಹಿಡಿಯಬೇಕು. ಇತರರಿಗೆ ಹಿಡಿಯುವ ಮೊದಲು ತನಗೆ ಹಿಡಿದುಕೊಳ್ಳುವುದು ಜೈನನ ರೀತಿ.

ಇನ್ನು ಕಾಯಿದೆಯ ಕೈ ಎಲ್ಲಿಯವರೆಗೆ ಚಾಚಬಲ್ಲದೆಂಬುದನ್ನು ನೋಡಬಹುದು. ಕೃತ, ಕಾರಿತ, ಅನುಮೋದನೆ ಎಂಬ ಮೂರು ದ್ವಾರಗಳಿಂದ ಪಾಪವು ಆಸ್ರವಿಸುತ್ತದೆ. ಹಿಡಿದವನು ಕೃತದಲ್ಲಿ, ಕೊಂಡವನು ಕಾರಿತದಲ್ಲಿ ನಿಲ್ಲುತ್ತಾನೆ. ಇವರಿಬ್ಬರನ್ನೂ ಕಾಯಿದೆಯು ಹಿಡಿಯಬಲ್ಲದು. ಅಂಥ ಪ್ರಾಣಿಯ ಚಿತ್ರವನ್ನು ಮೊಬೈಲಿನಲ್ಲಿ ಕಂಡು ಮೆಚ್ಚಿ, ತನಗೂ ಒಂದಿದ್ದರೆ ಎಂದು ಬಯಸಿದವನನ್ನು ಯಾವ ಕಾಯಿದೆಯೂ ಹಿಡಿಯಲಾರದು. ಅದು ವ್ರತದ ಕ್ಷೇತ್ರ. ದೋಷವು ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರಗಳೆಂಬ ನಾಲ್ಕು ಮೆಟ್ಟಿಲುಗಳಲ್ಲಿ ಬೆಳೆಯುತ್ತದೆಂದು ಆಚಾರ್ಯರು ತಿಳಿಸಿದ್ದಾರೆ. ಮನಸ್ಸಿನ ಶುದ್ಧಿಯು ಕೆಡುವುದೇ ಮೊದಲ ಮೆಟ್ಟಿಲು. ದಂಡದ ಭಯವು ಮನುಷ್ಯನನ್ನು ನಾಲ್ಕನೆಯ ಮೆಟ್ಟಿಲಿನಲ್ಲಿ ತಡೆಯಬಹುದು. ಮೊದಲನೆಯದರಲ್ಲಿಯೇ ತಡೆಯುವುದು ವ್ರತ. ಕಾಯಿದೆಯಿದ್ದರೂ ವ್ರತವು ಬೇಕೆಂಬುದಕ್ಕೆ ಇದೇ ಕಾರಣ.

ಅನುಮೋದನೆಯ ದೋಷವು ಪುಣ್ಯಕಾರ್ಯದ ರೂಪದಲ್ಲಿಯೂ ನುಸುಳಬಹುದು. ಪರ್ವದಿನಗಳಲ್ಲಿ ಪಂಜರದ ಹಕ್ಕಿಗಳನ್ನು ಹಣಕೊಟ್ಟು ಬಿಡಿಸಿ ಹಾರಿಬಿಡುವ ರೂಢಿಯು ಕೆಲವೆಡೆ ಇದೆ. ಭಾವನೆಯು ನಿರ್ಮಲವಾದುದು. ಆದರೆ ಪರ್ವಕ್ಕೆ ಗಿರಾಕಿಗಳು ಬರುವರೆಂದು ತಿಳಿದ ಬೇಡನು ಅದಕ್ಕೆ ಮುನ್ನವೇ ಹೆಚ್ಚು ಹಕ್ಕಿಗಳನ್ನು ಬಲೆಗೆ ಹಾಕುತ್ತಾನೆ. ಹತ್ತು ಹಕ್ಕಿಗಳ ಬಿಡುಗಡೆಗೆ ಇಪ್ಪತ್ತು ಹಕ್ಕಿಗಳ ಸೆರೆಯೇ ಬೆಲೆಯಾಗಬಹುದು. ಈ ನಾಡಿನ ಗಿಳಿಯನ್ನು ಹಿಡಿಯುವುದೂ ಮಾರುವುದೂ ಕಾಯಿದೆಗೆ ವಿರುದ್ಧ. ಅದೇ ಹಣವು ಗಾಯಗೊಂಡ ಪಕ್ಷಿಗಳ ಚಿಕಿತ್ಸೆಗೆ ಸಂದರೆ ಅಭಯದಾನ, ಔಷಧದಾನಗಳೆರಡೂ ಒಟ್ಟಿಗೆ ಆಗುತ್ತವೆ. ಮುನಿಗಳ ಸಂಯಮೋಪಕರಣವಾದ ಪಿಂಛಿಯ ವಿಷಯದಲ್ಲಿಯೂ ಇದೇ ವಿವೇಕ ಬೇಕು. ನವಿಲು ತಾನಾಗಿ ಉದುರಿಸಿದ ಗರಿಯೆಂಬ ಕಾರಣದಿಂದಲೇ ಅದು ಅಹಿಂಸೆಯ ಸಾಧನವಾಗಿದೆ. ಬಾಲದ ಗರಿಗೆ ವನ್ಯಜೀವಿ ಕಾಯಿದೆಯೂ ವಿನಾಯಿತಿಯನ್ನು ನೀಡಿದೆ. ವಿನಾಯಿತಿಯಿರುವಲ್ಲಿ ಶ್ರಾವಕನ ಹೊಣೆ ಇಮ್ಮಡಿಯಾಗುತ್ತದೆ. ಪಿಂಛಿಗೆ ಗರಿಗಳನ್ನು ಒದಗಿಸುವವರು ಅವು ಉದುರಿದವೇ, ಕಿತ್ತವೇ ಎಂದು ವಿಚಾರಿಸದೆ ಅಂಗಡಿಯಿಂದ ತಂದರೆ, ಜೀವದಯೆಯ ಉಪಕರಣಕ್ಕೇ ಹಿಂಸೆಯ ಲೇಪ ತಗಲಬಹುದು.

ಜಿನಬಿಂಬಗಳ ಪೀಠವನ್ನು ಗಮನವಿಟ್ಟು ನೋಡಿದವರಿಗೆ ಲಾಂಛನಗಳು ಪರಿಚಿತ. ಅಜಿತನಾಥರಿಗೆ ಆನೆ, ಪುಷ್ಪದಂತರಿಗೆ ಮೊಸಳೆ, ಶ್ರೇಯಾಂಸನಾಥರಿಗೆ ಖಡ್ಗಮೃಗ, ಮುನಿಸುವ್ರತರಿಗೆ ಆಮೆ, ವರ್ಧಮಾನರಿಗೆ ಸಿಂಹ. ಇಂದು ಏಷ್ಯದ ಆನೆ, ಭಾರತದ ಖಡ್ಗಮೃಗ, ಗೀರ್ ಸಿಂಹಗಳು ಒಪ್ಪಂದದ ಮೊದಲ ಪಟ್ಟಿಯಲ್ಲಿವೆ. ಭಾರತದ ನಕ್ಷತ್ರ ಆಮೆಯನ್ನು 2019ರಲ್ಲಿ ಅದೇ ಪಟ್ಟಿಗೆ ಏರಿಸಲಾಯಿತು. ಅದೃಷ್ಟವನ್ನು ತರುತ್ತದೆಂಬ ನಂಬಿಕೆಯಿಂದ ಜನರು ಆ ಆಮೆಯನ್ನು ಮನೆಗಳಲ್ಲಿ ಬಚ್ಚಿಟ್ಟು ಸಾಕುವುದು ಅದರ ಸಂಕಟದ ಒಂದು ಕಾರಣ. ಬಸದಿಯಲ್ಲಿ ಆಮೆಯ ಲಾಂಛನಕ್ಕೆ ಅರ್ಘ್ಯವನ್ನು ಅರ್ಪಿಸಿ, ಮನೆಯ ತೊಟ್ಟಿಯಲ್ಲಿ ಜೀವಂತ ಆಮೆಯನ್ನು ಸೆರೆಯಿಡುವುದು ಮಿಥ್ಯಾತ್ವವಲ್ಲದೆ ಮತ್ತೇನು? ಅದೃಷ್ಟವೆಂಬುದು ಸ್ವಕರ್ಮದ ಫಲವೆಂದು ನಂಬಿದವನು ಅದನ್ನು ಮತ್ತೊಂದು ಜೀವಿಯ ಬೆನ್ನಿನ ಮೇಲೆ ಹುಡುಕಲಾರನು.

ಇಪ್ಪತ್ತೆರಡನೆಯ ತೀರ್ಥಂಕರರಾದ ನೇಮಿನಾಥರ ವೃತ್ತಾಂತವು ಸರ್ವವಿದಿತ. ವಿವಾಹಕ್ಕೆಂದು ಹೊರಟ ಕುಮಾರನು ಔತಣಕ್ಕಾಗಿ ದೊಡ್ಡಿಯಲ್ಲಿ ಕೂಡಿಹಾಕಿದ್ದ ಪಶುಗಳ ಆಕ್ರಂದನವನ್ನು ಕೇಳಿ ರಥವನ್ನು ತಿರುಗಿಸಿದನು. ಆ ಪಶುಗಳನ್ನು ಕಟ್ಟಿದವನು ಅವನಲ್ಲ, ಕಟ್ಟಲು ಹೇಳಿದವನೂ ಅವನಲ್ಲ. ತನ್ನ ನಿಮಿತ್ತವಾಗಿ ಅವು ಬಂಧಿತವಾಗಿವೆಯೆಂಬ ಅರಿವೊಂದೇ ಅವನಿಗೆ ಸಾಕಾಯಿತು. ಅವನನ್ನು ತಡೆಯಲು ಯಾವ ರಾಜಾಜ್ಞೆಯೂ ಇರಲಿಲ್ಲ. ಅವನು ಏರಿದ ಊರ್ಜಯಂತಗಿರಿ, ಎಂದರೆ ಇಂದಿನ ಗಿರ್ನಾರ್, 2008ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಅರಣ್ಯದ ನಡುವಿದೆ. ಗೀರ್ ಕಾಡಿನ ಸಿಂಹಗಳು ಅಲ್ಲಿಯೂ ಸಂಚರಿಸುತ್ತವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅತ್ಯಲ್ಪ ಸಂಖ್ಯೆಗೆ ಇಳಿದಿದ್ದ ಆ ಸಿಂಹಗಳು 2025ರ ಗಣತಿಯಲ್ಲಿ 891 ಎಂದು ಎಣಿಕೆಗೆ ಬಂದವು. ಬೇಟೆಯನ್ನು ತಡೆದ ಜುನಾಗಢದ ನವಾಬರು, ಆಮೇಲೆ ಬಂದ ಕಾಯಿದೆ, ಕಾಡಿನಂಚಿನ ಜನರ ಸಹನೆ ಇವೆಲ್ಲವುಗಳಿಂದ ಅದು ಸಾಧ್ಯವಾಯಿತು. ಮನುಷ್ಯನು ಕೈಯನ್ನು ಹಿಂದಕ್ಕೆ ತೆಗೆದುಕೊಂಡರೆ ಜೀವವು ಮತ್ತೆ ಬೆಳೆಯುತ್ತದೆಂಬುದಕ್ಕೆ ಇದು ಸಾಕ್ಷಿ.

2022ರ ತಿದ್ದುಪಡಿಯಲ್ಲಿ ಹೆಚ್ಚು ಜನರ ಗಮನಕ್ಕೆ ಬಾರದ ಒಂದು ವಿಧಿಯಿದೆ. ಸೆರೆಯಲ್ಲಿರುವ ಪ್ರಾಣಿಯನ್ನಾಗಲಿ ಪ್ರಾಣಿಜನ್ಯ ವಸ್ತುವನ್ನಾಗಲಿ ಹೊಂದಿರುವವನು ಅದನ್ನು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಸ್ವಇಚ್ಛೆಯಿಂದ ಒಪ್ಪಿಸಬಹುದು. ಅದಕ್ಕಾಗಿ ಯಾವ ಪರಿಹಾರಧನವೂ ದೊರೆಯುವುದಿಲ್ಲ. ಲೋಕದ ಲೆಕ್ಕದಲ್ಲಿ ಇದು ನಷ್ಟ. ಶ್ರಾವಕನ ಲೆಕ್ಕದಲ್ಲಿ ಪ್ರತಿಫಲಾಪೇಕ್ಷೆಯಿಲ್ಲದ ಪರಿಗ್ರಹತ್ಯಾಗವೇ ತ್ಯಾಗ. ಆದುದರಿಂದ ಇಂಥ ಜೀವಿಯು ಮನೆಯಲ್ಲಿದ್ದರೆ ಅದನ್ನು ಬಚ್ಚಿಡದೆ ಇಲಾಖೆಗೆ ಒಪ್ಪಿಸುವುದು ಯುಕ್ತ. ಪರದೇಶದ ಪ್ರಾಣಿಯನ್ನು ಕಂಡ ಕಾಡಿಗೆ ಬಿಟ್ಟುಬಿಡುವುದು ಕರುಣೆಯಲ್ಲ. ಅಪರಿಚಿತ ನೆಲದಲ್ಲಿ ಅದು ಹಸಿವಿನಿಂದ ಸಾಯಬಹುದು, ಇಲ್ಲವೆ ಅಲ್ಲಿಯ ಜೀವಿಗಳಿಗೆ ಕಂಟಕವಾಗಬಹುದು.

ಇನ್ನು ಮುಂದಿನ ಅಷ್ಟಾಹ್ನಿಕ ಅಥವಾ ದಶಲಕ್ಷಣ ಪರ್ವದಲ್ಲಿ ಉಪವಾಸ, ಏಕಾಶನಗಳೊಡನೆ ಒಂದು ಸಣ್ಣ ಪ್ರತ್ಯಾಖ್ಯಾನವನ್ನೂ ಸ್ವೀಕರಿಸಬಹುದು. ಯಾವುದೇ ವನ್ಯಜೀವಿಯನ್ನು ಕೊಳ್ಳುವುದಿಲ್ಲ, ಉಡುಗೊರೆಯಾಗಿ ಪಡೆಯುವುದಿಲ್ಲ, ಪಂಜರದಲ್ಲಿಡುವುದಿಲ್ಲ, ಇಟ್ಟವರನ್ನು ಮೆಚ್ಚುವುದಿಲ್ಲ ಎಂಬ ನಾಲ್ಕು ಮಾತುಗಳು. ಯಾವಜ್ಜೀವವಾಗಿ ಸ್ವೀಕರಿಸುವ ಶಕ್ತಿಯಿದ್ದವರು ಯಮವಾಗಿಯೂ, ಉಳಿದವರು ವರ್ಷಕ್ಕೊಮ್ಮೆ ನಿಯಮವಾಗಿಯೂ ಗುರುಗಳ ಸಮಕ್ಷಮದಲ್ಲಿ ಕೈಗೊಳ್ಳಲಿ. ಸಾಯಂಕಾಲದ ಪ್ರತಿಕ್ರಮಣದ ವೇಳೆ ಅದನ್ನೂ ನೆನೆಯಲಿ. ಮನೆಯ ಮಕ್ಕಳು ಗಿಳಿಯನ್ನು ಬೇಡಿದಾಗ, ಅಂಗಳದ ಮರಕ್ಕೆ ಬರುವ ಗಿಳಿಯನ್ನು ತೋರಿಸಿ ಇದು ಯಾರದೂ ಅಲ್ಲ, ಇದರದೇ ಎಂದು ಹಿರಿಯರು ತಿಳಿಸಲಿ. ರಾಷ್ಟ್ರವು ತನ್ನ ವಚನವನ್ನು ಆಚರಣೆಗೆ ತರಲು 46 ವರ್ಷಗಳನ್ನು ತೆಗೆದುಕೊಂಡಿತು. ಶ್ರಾವಕನ ಆಯುಷ್ಯವು ಅಷ್ಟು ವಿಳಂಬವನ್ನು ತಾಳುವಂಥದಲ್ಲ. ಸಂಕಲ್ಪ ಮಾಡಿದ ದಿನವೇ ಪಾಲನೆಯೂ ಆರಂಭವಾಗಲಿ.